ಮೂರನೇ ಕೋಣೆಯ ಸಾಕ್ಷಿಹಣ್ಣು

"ಕೈ ಮಾತ್ರ ಹಾಕಿ ಮೇಡಂ, ತಲೆ ಹಾಕ್ಬೇಡಿ!"

ಉಗ್ರಾಣಿ ಕೂಗಿದ ರಭಸಕ್ಕೆ ಇನ್‌ಸ್ಪೆಕ್ಟರಮ್ಮ ಬೆಚ್ಚಿಬಿದ್ದು ಒಂದು ಹೆಜ್ಜೆ ಹಿಂದೆ ಸರಿದರು. ಮೂರನೇ ಕೋಣೆಯ ಬಾಗಿಲು ಗೇಣು ದಪ್ಪ. ಅದರ ನಡುವೆ, ಎದೆಯೆತ್ತರದಲ್ಲಿ, ಊಟದ ತಟ್ಟೆಯಷ್ಟಗಲದ ಒಂದು ಕಿಟಕಿ. ಅದನ್ನು ತೆರೆದೊಡನೆ ಒಳಗಿನ ಚಳಿ ಮೂಗಿನ ತುದಿ ಚಿವುಟಿತ್ತು. ಸೇಬಿನ ತೋಟದ ಆ ಗೋದಾಮಿನಲ್ಲಿ ಇಂಥ ಕೋಣೆಗಳು ಆರು. ಕೆಲಸದವರು ಅವನ್ನು ಕರೆಯುತ್ತಿದ್ದುದು 'ಮಲಗೋ ಕೋಣೆ' ಎಂದು.

"ತಲೆ ಹಾಕಿದ್ರೆ ಏನಾಗುತ್ತೆ?"

"ಏನಾಗುತ್ತೆ? ಎರಡು ಸಲ ಉಸಿರೆಳೀತೀರಿ. ಮೂರನೇದು ಎಳೆಯೋಕೆ ನೀವಿರಲ್ಲ," ಎಂದ ಮುದುಕ ಉಗ್ರಾಣಿ. "ಬಾಯಿಮಾತು ನಂಬ್ಬೇಡಿ, ಇಲ್ನೋಡಿ."

ಬೆಂಕಿಕಡ್ಡಿ ಗೀರಿ ಕಿಟಕಿಯೊಳಕ್ಕೆ ಚಾಚಿದ. ಕಡ್ಡಿ ಅಂಚು ದಾಟಿದ್ದೇ ತಡ, ಉರಿ ಮಾಯ. ಯಾರೂ ಊದಿರಲಿಲ್ಲ, ಗಾಳಿ ಬೀಸಿರಲಿಲ್ಲ. ಇನ್ನೊಂದು ಗೀರಿದ, ಅದರ ಗತಿಯೂ ಅಷ್ಟೇ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನೋಡಬಾರದ್ದನ್ನೆಲ್ಲ ನೋಡಿದ್ದ ಇನ್‌ಸ್ಪೆಕ್ಟರಮ್ಮ ಒಂದು ಬೆಂಕಿಕಡ್ಡಿಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತರು.

"ಅಬ್ಬಬ್ಬಾ! ಇದೇನು ಮಾಟಾನಾ?" ಎಂದ ಹಿಂದಿನಿಂದ ಮೀಸೆ. ಮೀಸೆ ಎಂದರೆ ಅವರ ದಫೇದಾರ. ಮೂಗಿನ ಕೆಳಗೆ ಒಂದೆಳೆ ಕೂದಲೂ ಇಲ್ಲದ್ದರಿಂದ ಠಾಣೆಯವರು ಪ್ರೀತಿಯಿಂದ ಇಟ್ಟ ಹೆಸರು.

"ಮಾಟ ಅಲ್ಲಪ್ಪ, ಹಣ್ಣಿಗೆ ಮಾಡೋ ಮರ್ಯಾದೆ," ಎಂದ ಉಗ್ರಾಣಿ. "ಕಿತ್ತ ಮೇಲೂ ಹಣ್ಣು ಉಸಿರಾಡುತ್ತೆ. ಉಸಿರಾಡ್ತಾ ಆಡ್ತಾನೇ ಅದಕ್ಕೆ ಮುಪ್ಪು ಬರೋದು. ಅದಕ್ಕೇ ಕೋಣೆ ತುಂಬಿಸಿ, ಬಾಗಿಲು ಬಿಗಿದು, ಯಂತ್ರ ಹಚ್ಚಿ ಒಳಗಿನ ಪ್ರಾಣವಾಯು ತೆಗೆದ್ಬಿಡ್ತೀವಿ. ಹೊರಗಡೆ ನೂರಕ್ಕೆ ಇಪ್ಪತ್ತೊಂದು ಪಾಲು ಇದ್ರೆ ಒಳಗೆ ಎರಡೇ ಪಾಲು. ಹಣ್ಣು ಸಾಯಲ್ಲ, ಏಳೋದೂ ಇಲ್ಲ. ಬರೀ ನಿದ್ದೆ. ಎಂಟು ತಿಂಗಳು ಬಿಟ್ಟು ತೆಗೀರಿ, ಇವತ್ತು ಬೆಳಗ್ಗೆ ಕಿತ್ತ ಹಾಗಿರುತ್ತೆ."

ಇನ್‌ಸ್ಪೆಕ್ಟರಮ್ಮ ಕಿಟಕಿಯತ್ತ ಮತ್ತೆ ನೋಡಿದರು. ಒಳಗೆ ಕತ್ತಲು, ಕತ್ತಲಲ್ಲಿ ಚಾವಣಿಯವರೆಗೆ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಲಕ್ಷಗಟ್ಟಲೆ ಹಣ್ಣು, ಎಲ್ಲವೂ ಬದುಕಿವೆ, ಸದ್ದಿಲ್ಲ. ತಾವು ಪಿಸುದನಿಯಲ್ಲಿ ಮಾತಾಡುತ್ತಿದ್ದೇವೆ ಎಂಬುದು ಅವರಿಗೆ ಆಮೇಲೆ ಹೊಳೆಯಿತು.

ಈ ತೋಟದ ದೊಡ್ಡ ಯಜಮಾನ ಕೊಯ್ಲಿನ ಕೊನೆಯ ದಿನ ಸಂಜೆ ಹೋದವನು ಐದು ವಾರವಾದರೂ ಪತ್ತೆಯಿಲ್ಲ. ಊರಿನ ಬಾಯಿಗೆ ಬಾಗಿಲಿಲ್ಲವಲ್ಲ, 'ಹೆಂಡ್ತೀನ ಬಿಟ್ಟು ಓಡಿಹೋದ' ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಂಡಿತ್ತು. ಆ ಹೆಂಡತಿ, ಮನೆಯ ಹಿರಿಯ ಸೊಸೆ, ಕಳೆದ ವಾರ ಠಾಣೆಗೆ ಬಂದು ದೂರು ಬರೆದುಕೊಟ್ಟು ಹೇಳಿದ್ದು ಒಂದೇ ಮಾತು: "ಸತ್ತಿದ್ರೆ ಸತ್ತಿದ್ದಾರೆ ಅನ್ನಿ, ಬಿಟ್ಟು ಹೋಗಿದ್ರೆ ಬಿಟ್ಟು ಹೋದ್ರು ಅನ್ನಿ. ಎರಡರಲ್ಲೊಂದು ಹೇಳ್ಬಿಡಿ ಮೇಡಂ, ಇದು ಗೊತ್ತಾಗದೆ ಬದುಕೋಕಾಗ್ತಿಲ್ಲ."

ಈಗ ಅವಳು ಬಾಗಿಲ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು. ನಲವತ್ತರ ಹೆಂಗಸು, ಕೆಲಸದ ಕೋಟು, ಬೆರಳ ತುದಿಯಲ್ಲಿ ತೊಳೆದರೂ ಹೋಗದ ಕಂದು ಕಲೆ. ತೋಟದಲ್ಲಿ ಯಾವ ಹಣ್ಣನ್ನು ಯಾವತ್ತು ಕೀಳಬೇಕು ಎಂದು ಪರೀಕ್ಷೆ ಮಾಡಿ ಹೇಳುವವಳು ಅವಳೇ.

"ಮೂರನೇ ಕೋಣೆಗೆ ಬೀಗ ಬಿದ್ದಿದ್ದು ಯಾವಾಗ?"

"ಕೊಯ್ಲಿನ ಮೊದಲನೇ ವಾರ," ಎಂದ ಉಗ್ರಾಣಿ. "ದೊಡ್ಡ ಯಜಮಾನ್ರು ಹೋಗೋಕೆ ಹನ್ನೆರಡು ದಿನ ಮುಂಚೆ. ಆಮೇಲೆ ತೆಗೆದೇ ಇಲ್ಲ. ಇದರಲ್ಲಿ ನೋಡೋದೇನಿದೆ ಮೇಡಂ?"

ನೋಡೋದೇನಿದೆ ಎಂದ ಕಡೆಯೇ ಮೊದಲು ನೋಡಬೇಕು ಎಂಬುದು ಇನ್‌ಸ್ಪೆಕ್ಟರಮ್ಮನ ಹಳೆಯ ಚಾಳಿ. ಟಾರ್ಚು ಹಾಕಿ ಕಿಟಕಿಯೊಳಗೆ ಬೆಳಕು ಬಿಟ್ಟರು. ಕಿಟಕಿಯ ಎದುರಿಗೇ ಚಾವಣಿಯಿಂದ ಒಂದು ಬಲೆಚೀಲ ತೂಗುತ್ತಿತ್ತು. ಅದರಲ್ಲಿ ಹತ್ತು ಸೇಬು.

"ಅದೇನದು?"

"ಸಾಕ್ಷಿ ಚೀಲ. ಒಳಗಡೆ ಹಣ್ಣು ಹೇಗಿದೆ ಅಂತ ಕಾಲಕಾಲಕ್ಕೆ ತಿಳೀಬೇಕಲ್ಲ? ಬಾಗಿಲು ಮುಚ್ಚೋ ಮುಂಚೆ ಆ ಕೋಣೇದೇ ಹತ್ತು ಹಣ್ಣು ಚೀಲಕ್ಕೆ ಹಾಕಿ ಕಟ್ತಾರೆ. ಕಿಟಕಿಯಿಂದ ಕೈ ಹಾಕಿ ಒಂದೊಂದೇ ತೆಗೆದು ನೋಡೋದು. ಇದರಲ್ಲಿ ಇನ್ನೂ ಒಂದೂ ತೆಗೆದಿಲ್ಲ."

"ಒಂದು ತೆಗೀರಿ. ಹಾಗೇ ಆ ಮುಂದಿನ ಪೆಟ್ಟಿಗೆಯಿಂದಲೂ ಒಂದು."

"ಎರಡೂ ಒಂದೇ ಕೋಣೇವು, ಒಂದೇ ದಿನ ಕಿತ್ತವು. ಎರಡ್ಯಾಕೆ?" ಎಂದು ಗೊಣಗುತ್ತಲೇ ಉಗ್ರಾಣಿ ಉದ್ದನೆಯ ಕೊಕ್ಕೆಬಲೆ ಹಾಕಿ ಎರಡು ಹಣ್ಣು ತೆಗೆದ.

ಹಿರಿಯ ಸೊಸೆ ಅವನ್ನು ಎರಡು ಕೈಯಲ್ಲಿ ಹಿಡಿದಳು. ಚೀಲದ ಹಣ್ಣಿನ ಮೇಲೆ ಹೆಬ್ಬೆರಳಾಡಿಸಿದ್ದೇ ಅವಳ ಮುಖ ಬಿಳಿಚಿತು.

"ಇದು ಜಿಡ್ಡು ಜಿಡ್ಡಾಗಿದೆ," ಎಂದಳು. "ಮೇಡಂ, ನನ್ನ ಜೊತೆ ಬನ್ನಿ."

ಪರೀಕ್ಷೆಯ ಕೋಣೆ ಅಂದರೆ ಒಂದು ಮೇಜು, ಒಂದು ನಲ್ಲಿ, ಪೂರ್ವದ ಕಿಟಕಿ, ಅಷ್ಟೇ. ಅವಳು ಎರಡೂ ಹಣ್ಣನ್ನು ಅಡ್ಡಕ್ಕೆ ಕತ್ತರಿಸಿ, ಗಾಯಕ್ಕೆ ಹಚ್ಚುವ ಅಯೋಡಿನ್ನಿನಂಥದೇ ಕಂದು ನೀರಿರುವ ತಟ್ಟೆಯಲ್ಲಿ ಕವುಚಿಟ್ಟಳು.

"ಏನು ನೋಡ್ಬೇಕು?" ಎಂದು ಮೀಸೆ ಇಣುಕಿದ.

"ಸುಮ್ನೆ ಉಸಿರು ಬಿಗಿಹಿಡಿದು ನೋಡಿ."

ಒಂದು ನಿಮಿಷ ಕಳೆದು ಪೆಟ್ಟಿಗೆಯ ಹಣ್ಣನ್ನು ಎತ್ತಿ ಮಗುಚಿದಳು. ಇನ್‌ಸ್ಪೆಕ್ಟರಮ್ಮನ ಕಣ್ಣೆದುರಿಗೇ ಬಿಳಿಯ ತಿರುಳಿನಲ್ಲಿ ಕಪ್ಪು ನೀಲಿ ಏಳತೊಡಗಿತು. ಸಿಪ್ಪೆಯ ಕಡೆಯಿಂದ ಶುರುವಾಗಿ, ಎಳೆಎಳೆಯಾಗಿ ಒಳಕ್ಕೆ ಹರಿದು, ಬೀಜದ ಸುತ್ತ ಮಾತ್ರ ಬೆಳ್ಳಗೆ ಬಿಟ್ಟು ನಿಂತಿತು. ಹೂವಿನ ಚಿತ್ತಾರ ಬಿಡಿಸಿದಂತಿತ್ತು. ದಿನವೂ ಕಚ್ಚಿ ತಿಂದು ಬಿಸಾಡುವ ಹಣ್ಣಿನೊಳಗೆ ಇಂಥದ್ದೊಂದು ಅಡಗಿದೆ ಎಂದು ಈ ಐವತ್ತು ವರ್ಷ ಯಾರೂ ತಮಗೆ ಹೇಳಲಿಲ್ಲವಲ್ಲ ಎಂದು ಇನ್‌ಸ್ಪೆಕ್ಟರಮ್ಮನಿಗೆ ನಿಜಕ್ಕೂ ಬೇಜಾರಾಯಿತು.

"ಕಾಯಿ ಕಟ್ಟಿದಾಗಿಂದ ಸೇಬು ಹಿಟ್ಟು ಕೂಡಿಹಾಕ್ಕೊಳ್ಳುತ್ತೆ," ಎಂದಳು ಹಿರಿಯ ಸೊಸೆ. "ಹಣ್ಣಾಗ್ತಾ ಆಗ್ತಾ ಹಿಟ್ಟೆಲ್ಲ ಸಕ್ಕರೆ ಆಗುತ್ತೆ, ನಡುವಿನಿಂದ ಶುರುವಾಗಿ ಹೊರಕ್ಕೆ. ಹಿಟ್ಟಿರೋ ಕಡೆ ಈ ನೀರು ಕಪ್ಪಾಗುತ್ತೆ. ಸಕ್ಕರೆ ಆದ ಕಡೆ ಬಿಳೀನೇ ಉಳಿಯುತ್ತೆ. ಬಹಳ ದಿನ ಮಲಗಿಸೋ ಹಣ್ಣನ್ನ ಹಿಟ್ಟಿರುವಾಗಲೇ ಕೀಳಬೇಕು. ಬೇಗ ಕಿತ್ರೆ ನಿದ್ದೆ ಬರುತ್ತೆ, ರುಚಿ ಬರಲ್ಲ. ತಡ ಮಾಡಿದ್ರೆ ರುಚಿ ಬರುತ್ತೆ, ನಿದ್ದೆ ಬರಲ್ಲ. ಎರಡರ ನಡುವೆ ನಮಗೆ ಸಿಗೋದು ನಾಲ್ಕೈದು ದಿನ."

"ಇನ್ನೊಂದು?"

ಅವಳು ಸಾಕ್ಷಿಹಣ್ಣನ್ನು ಎತ್ತಿದಳು. ಕಪ್ಪಿನ ಒಂದು ಚುಕ್ಕೆಯೂ ಇಲ್ಲ. ಬೀಜದ ಸುತ್ತ ತಿರುಳು ಗಾಜಿನ ಹಾಗೆ ಪಾರದರ್ಶಕವಾಗಿ, ರಸ ತುಂಬಿ ನಿಂತಿತ್ತು. ಆ ಪುಟ್ಟ ಕೋಣೆಯ ತುಂಬ ಸಿಹಿಯಾದ ಘಮ.

"ಕೋಣೆಯೊಳಗೂ ಹಿಟ್ಟು ಕರಗುತ್ತೆ ಅಲ್ವಾ? ಅದಕ್ಕೇ ಬಿಳಿ ಇರಬಹುದು," ಎಂದರು ಇನ್‌ಸ್ಪೆಕ್ಟರಮ್ಮ.

"ಕರಗುತ್ತೆ, ಆಮೆ ನಡಿಗೇಲಿ. ಆದ್ರೆ ಎರಡೂ ಒಂದೇ ಕೋಣೇಲಿದ್ವಲ್ಲ ಮೇಡಂ, ಒಂದೇ ಚಳಿ, ಒಂದೇ ಗಾಳಿ. ಅವಳಿ ಮಕ್ಕಳ ಥರ ಇರ್ಬೇಕಿತ್ತು. ಜಿಡ್ಡಾದ ಸಿಪ್ಪೆ, ಗಾಜಿನಂಥ ತಿರುಳು, ಇದು ಮರದ ಮೇಲೇ ಪೂರ್ತಿ ಹಣ್ಣಾದದ್ದು. ಕೊಯ್ಲಿನ ಕೊನೇ ದಿನದ ಹಣ್ಣು. ಮೊದಲನೇ ವಾರ ಮುಚ್ಚಿದ ಕೋಣೆಯೊಳಕ್ಕೆ ಕೊನೇ ದಿನದ ಹಣ್ಣು ಹೆಂಗೆ ಹೋಯ್ತು?"

"ಕಿಟಕಿಯಿಂದ ಹಾಕಿರಬಹುದು."

"ಹಣ್ಣು ತೆಗೀಬಹುದು, ಚೀಲ ಕಟ್ಟೋಕಾಗಲ್ಲ. ಕೊಕ್ಕೆ ಇರೋದು ಚಾವಣೀಲಿ. ಬಾಗಿಲು ತೆಗೆದು ಏಣಿ ಹಾಕ್ಕೊಂಡೇ ಕಟ್ಬೇಕು."

"ಸರಿ, ಯಾರೋ ಬಾಗಿಲು ತೆಗೆದ್ರು ಅನ್ನಿ. ಹಳೇ ಚೀಲ ಇದ್ದ ಹಾಗೇ ಬಿಟ್ಟು ಮುಚ್ಚಿದ್ರೆ ಆಗ್ತಿತ್ತಲ್ಲ. ಕೈಯಾರೆ ಸುಳಿವು ಕಟ್ಟಿಟ್ಟು ಹೋಗೋ ದಡ್ಡ ಯಾರು?"

"ದಡ್ಡತನ ಅಲ್ಲ ಮೇಡಂ, ಅಭ್ಯಾಸ. ಬಾಗಿಲು ತೆಗೆದ್ರೆ ಹಳೇ ಸಾಕ್ಷಿ ಸತ್ತ ಹಾಗೆ. ಮತ್ತೆ ಮುಚ್ಚೋ ಮೊದಲು ಹೊಸ ಹಣ್ಣು ಕಟ್ಟಲೇಬೇಕು. ಮಾವನವರ ಕಾಲದಿಂದ ಬಂದದ್ದು. ಇಲ್ಲಿ ಹುಟ್ಟಿ ಬೆಳೆದ ಕೈ ಅದನ್ನ ಬಿಟ್ಟು ಬರಲ್ಲ. ಆ ದಿನ ಹೊರಗಡೆ ಇದ್ದದ್ದು ಕೊನೇ ಹಣ್ಣು ಮಾತ್ರ, ಅದನ್ನೇ ಕಟ್ಟಿದ್ದಾರೆ."

ಹೇಳುತ್ತ ಹೇಳುತ್ತ ತನ್ನ ಮಾತಿನ ಅರ್ಥ ಅವಳಿಗೇ ತಾಗಿತು. "ಅವರು ಒಳಗಿದ್ದಾರೆ," ಎಂದಳು. "ನನ್ನ ಬಿಟ್ಟು ಹೋಗಿಲ್ಲ. ಐದು ವಾರದಿಂದ ಇಲ್ಲೇ ಇದ್ದಾರೆ, ನಾನು ದಿನಾ ಆ ಬಾಗಿಲ ಮುಂದೇನೇ ಓಡಾಡಿದ್ದೀನಿ."

ಆ ದನಿಯಲ್ಲಿ ಸಂಕಟವಿತ್ತು ನಿಜ. ಅದರ ಜೊತೆಗೆ ಒಂದು ಸಮಾಧಾನವೂ ಇತ್ತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಉಗ್ರಾಣಿ ಟೋಪಿ ತೆಗೆದು ಹಿಸುಕತೊಡಗಿದ. "ಮೇಡಂ, ನಂದೊಂದು ತಪ್ಪಾಗಿದೆ. ಕೊಯ್ಲು ಮುಗಿದ ಸಂಜೆ ನಾನು ಮಗಳ ಮನೆಗೆ ಹೋಗಿದ್ದೆ. ಎರಡು ದಿನ ಬಿಟ್ಟು ಬಂದು ನೋಡಿದ್ರೆ ಮೂರನೇ ಕೋಣೆ ಪ್ರಾಣವಾಯು ಮೀಟರು ಎರಡರ ಬದಲು ನಾಲ್ಕು ತೋರಿಸ್ತಿತ್ತು. ಯಂತ್ರದ ಕಿತಾಪತಿ ಅಂದ್ಕೊಂಡು ಎರಡು ಅಂತಲೇ ಬರೆದ್ಬಿಟ್ಟೆ. ನಲವತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಮೇಡಂ."

"ಎರಡು ದಿನದಲ್ಲಿ ಯಂತ್ರ ಇಪ್ಪತ್ತೊಂದರಿಂದ ನಾಲ್ಕಕ್ಕೆ ಇಳಿಸುತ್ತಾ?"

"ಇಳಿಸುತ್ತೆ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಇನ್‌ಸ್ಪೆಕ್ಟರಮ್ಮ ನೇರ ಆಫೀಸಿಗೆ ನಡೆದರು.

ಚಿಕ್ಕ ಯಜಮಾನ, ಅಂದರೆ ಕಾಣೆಯಾದವನ ತಮ್ಮ, ಕುರ್ಚಿಯಲ್ಲಿ ಹಿಂದಕ್ಕೊರಗಿ ಚಹಾ ಕುಡಿಯುತ್ತಿದ್ದ. ಬಾಗಿಲು ತೆರೆಸಿ ಎಂದದ್ದೇ ಲೋಟ ಕೆಳಗಿಟ್ಟ.

"ತಮಾಷೆ ಮಾಡ್ತಿದ್ದೀರಾ ಮೇಡಂ? ಆ ಬಾಗಿಲು ತೆಗೆದ್ರೆ ನಾಲ್ಕು ಸಾವಿರ ಪೆಟ್ಟಿಗೆ ಎಚ್ಚರ ಆಗುತ್ತೆ. ಒಂದು ಸಲ ಎದ್ದ ಹಣ್ಣು ಮೊದಲಿನ ಹಾಗೆ ಮಲಗಲ್ಲ."

"ಒಂದು ಸಲ ಆಗಲೇ ಎದ್ದಿವೆಯಲ್ಲ. ನಿಮ್ಮಣ್ಣ ಬಸ್ ಹತ್ತಿದ್ದನ್ನ ನೋಡಿದೆ ಅಂತ ಹೇಳಿಕೆ ಕೊಟ್ಟಿದ್ರಿ ಅಲ್ವಾ?"

"ಕಣ್ಣಾರೆ. ಐದೂವರೆ ಬಸ್ಸು. ಕಿಟಕಿಯಿಂದ ಕೈ ಬೀಸಿದ."

"ಯಾವ ಕಡೆ ಕಿಟಕಿ?"

"ಎಡಗಡೆ. ಯಾಕೆ?"

"ಆ ದಿನ ಐದೂವರೆ ಬಸ್ಸು ಹೊರಡಲೇ ಇಲ್ಲ. ಗೇರ್‌ಬಾಕ್ಸ್ ಮುರಿದು ಡಿಪೋದಲ್ಲೇ ನಿಂತಿತ್ತು. ನಿನ್ನೆ ಡಿಪೋಗೆ ಹೋಗಿ ಕೇಳ್ಕೊಂಡು ಬಂದೆ."

ಚಿಕ್ಕ ಯಜಮಾನ ಬಾಗಿಲ ಬಳಿ ನಿಂತ ಅತ್ತಿಗೆಯ ಕಡೆ ನೋಡಿ ತಟ್ಟನೆ ಕಣ್ಣು ಕೆಳಗೆ ಹಾಕಿದ.

"ಬಾಗಿಲು ತೆಗೆದವರು ನೀವು," ಎಂದರು ಇನ್‌ಸ್ಪೆಕ್ಟರಮ್ಮ. "ಉಗ್ರಾಣಿ ಊರಲ್ಲಿಲ್ಲ, ಇನ್ನೊಂದು ಬೀಗದ ಕೈ ಈ ಆಫೀಸಲ್ಲೇ ಇರುತ್ತೆ. ಅಣ್ಣನ್ನ ಒಳಗೆ ಹಾಕಿದ್ರಿ. ಎಲ್ಲ ಮುಗಿಸಿ, ಅಭ್ಯಾಸಬಲದಿಂದ ಹೊಸ ಸಾಕ್ಷಿ ಚೀಲ ಕಟ್ಟಿ ಬಾಗಿಲು ಬಿಗಿದ್ರಿ."

"ಚೀಲ ಕಟ್ಟಿದೆ? ನಾನಾ?"

ಅವನು ನಕ್ಕ. ನಗು ಅಳುವಿನಂತಿತ್ತು. "ಯಾರನ್ನ ಬೇಕಾದ್ರೂ ಕೇಳಿ ಮೇಡಂ. ಈ ಮನೇಲಿ ಸಾಕ್ಷಿ ಚೀಲ ಕಟ್ಟೋದು ಹಿರೀಮಗ ಒಬ್ಬನೇ. ಅಪ್ಪ ಇದ್ದಾಗ ಅಪ್ಪ, ಆಮೇಲೆ ಅಣ್ಣ. ನಾನು ಒಂದು ಸಲ ಆ ಏಣಿ ಮುಟ್ಟಿದ್ದಕ್ಕೆ ಕಪಾಳಕ್ಕೆ ಬಿಟ್ಟಿದ್ದ. ನನಗೆ ಆ ಗಂಟು ಹಾಕೋಕೂ ಬರಲ್ಲ!"

"ಮತ್ತೆ ಬಸ್ಸಿನ ಸುಳ್ಳು?"

"ಅಣ್ಣ ಹೇಳು ಅಂದ, ಹೇಳಿದೆ. ಆ ಸಂಜೆ ಗೋದಾಮಿನ ಕಡೆಯಿಂದ ಬಂದ. ಮೈಯೆಲ್ಲ ಬೆವರು. 'ಯಾರು ಕೇಳಿದ್ರೂ ಬಸ್ ಹತ್ತಿದೆ ಅನ್ನು' ಅಂದ. ಯಾಕೆ ಅಂತ ಕೇಳೋ ಧೈರ್ಯ ನನಗೆ ಈ ಜನ್ಮದಲ್ಲಿ ಬಂದಿಲ್ಲ. ತೋಟದ ಹಿಂದಿನ ದಾರಿ ಹಿಡಿದು ಹೋದ."

"ಸುಳ್ಳು!" ಹಿರಿಯ ಸೊಸೆ ಮುಂದೆ ಬಂದಳು. "ಚೀಲ ಕಟ್ಟಿದ್ದು ಅವರೇ ಇರಬಹುದು. ಏಣಿ ಮೇಲಿದ್ದವರನ್ನ ಇವನೇ ಕೆಳಕ್ಕೆ ಕೆಡವಿ ಬಾಗಿಲು ಹಾಕಿರಬಹುದಲ್ಲ? ಮೇಡಂ, ಈ ಮೈದುನ ಹೇಳೋ ಒಂದು ಮಾತೂ ನಂಬ್ಬೇಡಿ. ಮೊದಲು ಬಾಗಿಲು ತೆಗೆಸಿ."

ಇಬ್ಬರ ಮಾತೂ ಹೊಂದುತ್ತಿತ್ತು. ಒಂದು ನಿಜವಾದರೆ ಒಳಗೆ ಹೆಣ, ಇನ್ನೊಂದು ನಿಜವಾದರೆ ಬರೀ ಹಣ್ಣು. ಇನ್‌ಸ್ಪೆಕ್ಟರಮ್ಮ ಉಗ್ರಾಣಿಗೆ ತಲೆಯಾಡಿಸಿದರು.

ಬಾಗಿಲು ತೆಗೆಯುವುದೆಂದರೆ ಹಿಡಿ ಎಳೆದಷ್ಟು ಸುಲಭವಲ್ಲ. ಮೊದಲು ಗಾಳಿಕಿಂಡಿ ಬಿಚ್ಚಿ, ಫ್ಯಾನು ಹಾಕಿ, ಹೊರಗಿನ ಗಾಳಿಯನ್ನು ಒಳಕ್ಕೆ ಊದಬೇಕು. ಎಲ್ಲರೂ ಮೀಟರಿನ ಮುಂದೆ ನಿಂತರು. ಎರಡು. ಐದು. ಒಂಬತ್ತು. ಹದಿಮೂರು ಆದಾಗ ಕಿಂಡಿಯಿಂದ ಪರಿಮಳ ಬರತೊಡಗಿತು. ಲಕ್ಷ ಹಣ್ಣು ಒಟ್ಟಿಗೆ ಬಿಟ್ಟ ಉಸಿರು ಅದು. ಮೀಸೆ ಗೊತ್ತಿಲ್ಲದೆಯೇ ಟೋಪಿ ತೆಗೆದ.

"ಎದ್ದವು," ಎಂದ ಉಗ್ರಾಣಿ ಮೆಲ್ಲಗೆ.

ಮೀಟರು ಇಪ್ಪತ್ತೊಂದು ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ಬಾಗಿಲು ಸರಿಯಿತು. ಉಗ್ರಾಣಿ ಫೋರ್ಕ್‌ಲಿಫ್ಟ್ ಹತ್ತಿ ಮುಂದಿನ ಸಾಲಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರತಂದಿಟ್ಟ. ಎರಡನೇ ಸಾಲು ತೆಗೆದಾಗ ಗೋಡೆಗೂ ಪೆಟ್ಟಿಗೆಗಳಿಗೂ ನಡುವಿನ ಸಂದಿ ಕಂಡಿತು. ಸಂದಿಯಲ್ಲಿ ಒಬ್ಬ ಮನುಷ್ಯ ಅಂಗಾತ ಮಲಗಿದ್ದ. ತಲೆಯಿಂದ ಮಂಡಿಯವರೆಗೆ ಬೂದು ಬಣ್ಣದ ಉಣ್ಣೆ ಕೋಟು.

"ಅಯ್ಯೋ ಅಣ್ಣಾ!" ಎಂದು ಚಿಕ್ಕ ಯಜಮಾನ ಬಾಗಿಲಲ್ಲೇ ಕುಸಿದು ಕೂತ.

"ಅವರದ್ದೇ ಕೋಟು," ಎಂದಳು ಹಿರಿಯ ಸೊಸೆ. "ನಾನೇ ಕೊಡಿಸಿದ್ದು."

ಇನ್‌ಸ್ಪೆಕ್ಟರಮ್ಮ ಟಾರ್ಚು ಹಿಡಿದು ಬಗ್ಗಿದರು. ಕೋಟು ತೊಡಿಸಿರಲಿಲ್ಲ, ಹೊದಿಸಿತ್ತು. ಚಳಿಯಾಗದಿರಲಿ ಎಂದು ಮಲಗಿದವರಿಗೆ ಹೊದಿಸುತ್ತಾರಲ್ಲ, ಹಾಗೆ ಎರಡೂ ಬದಿ ಒಳಕ್ಕೆ ಸಿಕ್ಕಿಸಿತ್ತು. ಕೊಂದವರು ಹೀಗೆ ಹೊದಿಸಿದ್ದನ್ನು ಅವರು ಎಲ್ಲೂ ಕಂಡಿರಲಿಲ್ಲ.

"ನಾನು ನೋಡ್ತೀನಿ," ಎಂದಳು ಹಿರಿಯ ಸೊಸೆ. ಬೇಡ ಎನ್ನುವ ಮುಂಚೆಯೇ ಮಂಡಿಯೂರಿ ಕೂತು, ಕೋಟಿನ ಅಂಚು ಎತ್ತಿದಳು.

ಚಳಿ ಆ ಮುಖವನ್ನು ಹಾಗೇ ಕಾಪಾಡಿತ್ತು. ನಿದ್ದೆ ಮಾಡುತ್ತಿರುವ ಮುಖ. ಮೂವತ್ತು ದಾಟಿರದ ಗಂಡಸು, ಕಣ್ಣು ಮುಚ್ಚಿದೆ, ಹಣೆಯ ಬದಿಯಲ್ಲಿ ಒಣಗಿದ ಗಾಯ.

"ಇವರು ನಮ್ಮನೆಯವರಲ್ಲ."

ಆಮೇಲೆ ಅವಳು ನಕ್ಕೇಬಿಟ್ಟಳು, ಕಣ್ಣೀರು ಧಾರಾಕಾರ ಸುರಿಯುತ್ತ ನಕ್ಕಳು. "ಬದುಕಿದ್ದಾರೆ ಮೇಡಂ! ನಮ್ಮನೆಯವರು ಬದುಕಿದ್ದಾರೆ!"

"ಹೌದಮ್ಮ," ಎಂದರು ಇನ್‌ಸ್ಪೆಕ್ಟರಮ್ಮ. "ಇವರು ಯಾರು?"

ಅವಳು ಆ ಮುಖವನ್ನೂ, ಗಂಡ ಕಟ್ಟಿಹೋದ ಸಾಕ್ಷಿ ಚೀಲವನ್ನೂ ಇನ್ನೊಮ್ಮೆ ನೋಡಿದಳು. ನಗು ತುಟಿಯ ಮೇಲೆ ಹಾಗೇ ಇತ್ತು, ಕಣ್ಣಿನಿಂದ ಮಾತ್ರ ಇಳಿದುಹೋಯಿತು. ಕೋಟನ್ನು ಮೆಲ್ಲಗೆ ಮುಖದ ಮೇಲೆಳೆದು, ಎರಡೂ ಬದಿ ಮೊದಲಿನಂತೆಯೇ ಒಳಕ್ಕೆ ಸಿಕ್ಕಿಸಿದಳು.

"ಗೊತ್ತಿಲ್ಲ."

"ಗೊತ್ತಿಲ್ವೋ, ಹೇಳಲ್ವೋ?"

ಅವಳು ಎದ್ದು ನಿಂತು ತೋಳಿನಿಂದ ಕಣ್ಣು ಒರೆಸಿಕೊಂಡಳು. ದನಿ ಒಂದಿಷ್ಟೂ ನಡುಗಲಿಲ್ಲ.

"ಮೇಡಂ, ನಾನು ಬರೆದುಕೊಟ್ಟ ದೂರು ವಾಪಸ್ ಕೊಟ್ಬಿಡಿ. ನಮ್ಮನೆಯವರನ್ನ ಹುಡುಕೋದು ಬೇಡ."